ಬೋಂಡನ ವಾಕಿಂಗ್ ಲೆಕ್ಕ

ಹಾಲು, ಪೇಪರು, ಇಸ್ತ್ರಿ, ಗ್ಯಾಸು, ಮನೆಗೆಲಸದಾಕೆಯ ಸಂಬಳ. ಮಧ್ಯಮ ವರ್ಗದ ಮನೆಯ ತಿಂಗಳ ಲೆಕ್ಕವೆಂದರೆ ಇಷ್ಟೇ ಎಂದು ತಿಳಿದು ಬೆಳೆದವರು ನಾವು. ಆಮೇಲೆ ಒಂದೊಂದಾಗಿ ಹೊಸ ಬಾಬ್ತುಗಳು ಬಂದವು. ಕುಡಿಯುವ ನೀರಿನ ಕ್ಯಾನಿಗೆ ದುಡ್ಡು ಕೊಡುವುದೆಂದರೆ ಒಂದು ಕಾಲಕ್ಕೆ ನಗು ಬರುತ್ತಿತ್ತು. ಈಗ ಯಾರೂ ನಗುವುದಿಲ್ಲ. ನಮ್ಮ ಮನೆಯ ಲೆಕ್ಕದ ಪುಸ್ತಕದಲ್ಲಿ ಅಂಥದೇ ಇನ್ನೊಂದು ಸಾಲು ಸೇರಿಕೊಂಡಿದೆ: 'ನಾಯಿ ವಾಕಿಂಗ್ - 3,500 ರೂಪಾಯಿ.'

ತಿಪಟೂರಿನ ಕಡೆಯ ಹಳ್ಳಿಯಿಂದ ಬಂದಿದ್ದ ನಮ್ಮತ್ತೆ ಆ ಸಾಲನ್ನು ಎರಡು ಸಲ ಓದಿದರು. ಕನ್ನಡಕ ಒರೆಸಿಕೊಂಡು ಮೂರನೆಯ ಸಲ ಓದಿದರು. "ನಾಯಿ ನಡ್ಸೋಕೂ ಆಳಾ? ಯಾಕೆ, ಅದಕ್ಕೇನು ಕಾಲಿಲ್ವಾ?" ಎಂದರು.

ಅವರ ಪ್ರಶ್ನೆ ನ್ಯಾಯವಾದದ್ದೇ. ಅವರ ತೋಟದ ಮನೆಯ ನಾಯಿಯನ್ನು ಯಾರೂ ವಾಕಿಂಗ್ ಕರೆದುಕೊಂಡು ಹೋಗುವುದಿಲ್ಲ. ಬೆಳಗ್ಗೆ ಅದೇ ಮಾವನವರನ್ನು ಕರೆದುಕೊಂಡು ತೋಟಕ್ಕೆ ಹೋಗುತ್ತದೆ, ತೆಂಗಿನ ಸಾಲುಗಳನ್ನೆಲ್ಲ ಸುತ್ತಿಸಿ, ಪಂಪ್‌ಸೆಟ್ಟಿನ ಹತ್ತಿರ ಒಂದಿಷ್ಟು ಮಲಗಿ, ಊಟದ ಹೊತ್ತಿಗೆ ಮನೆಗೆ ತಂದು ಬಿಡುತ್ತದೆ. ತೇಜಸ್ವಿಯವರ ಪುಸ್ತಕಗಳಲ್ಲಿ ಬರುವ 'ಕಿವಿ'ಗೂ ಯಾರೂ ಸಂಬಳ ಕೊಟ್ಟು ಜೊತೆಗಾರನನ್ನು ಇಟ್ಟಿರಲಿಲ್ಲ. ಇನ್ನೂ ಹಿಂದಕ್ಕೆ ಹೋದರೆ, ಧರ್ಮರಾಯನ ಕೊನೆಯ ಪ್ರಯಾಣದಲ್ಲಿ ನಾಯಿಯೇ ತಾನಾಗಿ ಹಿಂಬಾಲಿಸಿತು. ಸ್ವರ್ಗದ ಬಾಗಿಲ ತನಕ ನಡೆದ ಆ ವಾಕಿಂಗಿಗೆ ಗಂಟೆಯ ಲೆಕ್ಕ ಹಾಕಿದವರು ಯಾರೂ ಇಲ್ಲ.

ಆದರೆ ನಾವಿರುವುದು ತೋಟದಲ್ಲಿ ಅಲ್ಲ. ಬೆಂಗಳೂರಿನ ಬನಶಂಕರಿಯ ಎರಡನೇ ಮಹಡಿಯಲ್ಲಿ. ನಮ್ಮ ಬೋಂಡನಿಗೆ ನಾಲ್ಕು ಕಾಲಿರುವುದು ನಿಜ. ಕೊರತೆ ಇರುವುದು ಅವನನ್ನು ಕೆಳಗಿಳಿಸಿ ಜೊತೆಗೆ ನಡೆಯುವ ಎರಡು ಕಾಲಿಗೆ. ಆ ಎರಡು ಕಾಲಿನ ಬಾಡಿಗೆಯ ಕತೆ ಇದು.

ಬೋಂಡ ನಮ್ಮ ಮನೆಗೆ ಬಂದದ್ದು 2022ರಲ್ಲಿ. ಆ ವರ್ಷದ ಜೂನಿನಲ್ಲಿ '777 ಚಾರ್ಲಿ' ಸಿನಿಮಾ ಬಂದಿತ್ತು. ಅದನ್ನು ನೋಡಿ ಕಣ್ಣೊರೆಸಿಕೊಂಡು ಬಂದ ಮಕ್ಕಳಲ್ಲಿ ನಮ್ಮ ಮಗನೂ ಒಬ್ಬ. ಆಗ ಎಂಟನೇ ತರಗತಿ. ಮರುದಿನದಿಂದ ಲ್ಯಾಬ್ರಡಾರ್ ಜಪ ಶುರುವಾಯಿತು. ಕೊನೆಗೆ ಶಾಲೆಯಲ್ಲಿ ರಜಾ ಅರ್ಜಿ ಬರೆಯುವ ಮಾದರಿಯಲ್ಲೇ ಒಂದು ಪತ್ರ ಬರೆದು ನನ್ನ ಕೈಗೆ ಕೊಟ್ಟ. 'ಮಾನ್ಯರೇ, ನಾಯಿಯನ್ನು ಪ್ರತಿದಿನ ಬೆಳಗ್ಗೆ ಆರು ಗಂಟೆಗೆ ನಾನೇ ವಾಕಿಂಗ್ ಕರೆದುಕೊಂಡು ಹೋಗುತ್ತೇನೆ' ಎಂದು ಬರೆದು ಕೆಳಗೆ ಸಹಿ. ಅಪ್ಪನ ಸಹಿಗೆ ಪಕ್ಕದಲ್ಲೇ ಚುಕ್ಕೆ ಗೆರೆ ಹಾಕಿ ಜಾಗ ಬಿಟ್ಟಿದ್ದ. ಬಂದ ನಾಯಿಮರಿ ಎರಡನೆಯ ದಿನವೇ ತಟ್ಟೆಯಲ್ಲಿದ್ದ ಬೋಂಡ ಎಗರಿಸಿ ಆ ಹೆಸರನ್ನು ಗಳಿಸಿಕೊಂಡಿತು.

ಮಗ ಮಾತು ತಪ್ಪಲಿಲ್ಲ. ಎಂಟು, ಒಂಬತ್ತು ಎರಡೂ ತರಗತಿಯಲ್ಲಿ ಆರು ಗಂಟೆಗೆ ಎದ್ದು ಹೋದ. ಹತ್ತನೇ ತರಗತಿ ಬಂತು. ಬೆಳಗ್ಗೆ ಆರಕ್ಕೇ ಗಣಿತದ ಟ್ಯೂಷನ್ ಬಂತು. ಒಂದೇ ಗಂಟೆಗೆ ಇಬ್ಬರು ಹಕ್ಕುದಾರರು. ಗಣಿತ ಗೆದ್ದಿತು, ನಾಯಿ ಸೋತಿತು. ಮನೆಯಲ್ಲಿ ಇದರ ಬಗ್ಗೆ ಚರ್ಚೆ ಕೂಡ ಆಗಲಿಲ್ಲ. ಹತ್ತನೇ ತರಗತಿಯ ಮಕ್ಕಳಿರುವ ಯಾವ ಮನೆಯಲ್ಲೂ ಆಗುವುದಿಲ್ಲ.

ನಾನು ಆಫೀಸಿಗೆ ಹೊರಡುವ ಮುನ್ನ ಅಡುಗೆ ಮುಗಿಸಬೇಕು. ಯಜಮಾನರು ಏಳಕ್ಕೆಲ್ಲ ಫ್ಯಾಕ್ಟರಿ ಬಸ್ಸು ಹಿಡಿಯಬೇಕು. ಮೂರು ತಿಂಗಳು ಬೋಂಡನನ್ನು ಯಾರಿಗೆ ಯಾವಾಗ ಬಿಡುವಾಗುತ್ತದೋ ಆಗ ಕೆಳಗಿಳಿಸಿ, ಲೈಟಿನ ಕಂಬದ ತನಕ ಕರೆದುಕೊಂಡು ಹೋಗಿ, 'ಆಯ್ತಾ, ಆಯ್ತಾ' ಎಂದು ಅವಸರ ಮಾಡಿ ವಾಪಸು ತಂದೆವು. ಪಶುವೈದ್ಯರು ತೂಕ ನೋಡಿದರು. 41 ಕೆ.ಜಿ.

ಲ್ಯಾಬ್ರಡಾರಿನ ಹೊಟ್ಟೆಯ ವಿಷಯ ತಿಳಿದುಕೊಳ್ಳಬೇಕಾದದ್ದು. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಮೀನುಗಾರರ ಜೊತೆ ತಣ್ಣೀರಿಗಿಳಿದು ಬಲೆ ಎಳೆಯುತ್ತಿದ್ದ ನಾಯಿಗಳ ವಂಶ ಇದು. ದುಡಿಮೆಗೆ ತಕ್ಕ ಹಸಿವು. ಕೇಂಬ್ರಿಜ್‌ನ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇನ್ನೊಂದು ಕಾರಣವೂ ಸಿಕ್ಕಿತು. ಹೆಚ್ಚುಕಡಿಮೆ ನಾಲ್ಕು ಲ್ಯಾಬ್ರಡಾರ್‌ಗಳಲ್ಲಿ ಒಂದಕ್ಕೆ ಹಸಿವಿಗೆ ಸಂಬಂಧಿಸಿದ ಒಂದು ಜೀನಿನ ಭಾಗ ಕಳಚಿಹೋಗಿರುತ್ತದಂತೆ. ಅಂಥ ನಾಯಿಗಳ ಗಮನ ಸದಾ ಊಟದ ಮೇಲೆ, ತೂಕವೂ ಹೆಚ್ಚು. ಬಲೆ ಎಳೆಯಲು ಹುಟ್ಟಿದ ದೇಹವನ್ನು ಎರಡನೇ ಮಹಡಿಯ ಮೊಸಾಯಿಕ್ ನೆಲದ ಮೇಲೆ ಮಲಗಿಸಿ ಅನ್ನ ಹಾಕಿದರೆ ತೂಕ ಏರದೆ ಇನ್ನೇನಾಗುತ್ತದೆ? ಕೀಲು ಸವೆಯುತ್ತದೆ, ಉಸಿರು ಕಟ್ಟುತ್ತದೆ. "ಮಾತ್ರೆ ಬೇಡ, ನಡಿಗೆ ಬೇಕು. ದಿನಾ ಅರ್ಧ ಗಂಟೆಯಾದರೂ" ಎಂದು ವೈದ್ಯರು ಚೀಟಿಯಲ್ಲಿ ಬರೆದುಕೊಟ್ಟರು. ಔಷಧಿ ಅಂಗಡಿಯಲ್ಲಿ ಸಿಗದ ಔಷಧಿ ಅದೊಂದೇ.

ಇದು ವೈದ್ಯರ ಸಲಹೆ ಮಾತ್ರ ಅಲ್ಲ, ಕಾನೂನಿನಲ್ಲೂ ಇದೆ. ಕಲಾಕ್ಷೇತ್ರವನ್ನು ಕಟ್ಟಿದ ರುಕ್ಮಿಣಿ ದೇವಿ ಅರುಂಡೇಲ್ ಅವರು ರಾಜ್ಯಸಭೆಯ ಸದಸ್ಯೆಯಾಗಿದ್ದಾಗ ಪ್ರಾಣಿಹಿಂಸೆಯ ವಿರುದ್ಧ ಖಾಸಗಿ ಮಸೂದೆಯೊಂದನ್ನು ತಂದರು. ಅದರ ಫಲವಾಗಿ 1960ರಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಬಂತು. ಅದರ 11ನೇ ಸೆಕ್ಷನ್ನಿನಲ್ಲಿ ಹೊಡೆಯುವುದು, ಉಪವಾಸ ಕೆಡವುವುದು ಇವುಗಳ ಜೊತೆಗೇ ಇನ್ನೊಂದು ಅಪರಾಧವನ್ನೂ ಹೇಳಿದೆ. ಸದಾ ಕಟ್ಟಿ ಹಾಕಿದ ಅಥವಾ ಇಕ್ಕಟ್ಟಿನಲ್ಲಿ ಕೂಡಿ ಹಾಕಿದ ನಾಯಿಗೆ ಸಾಕಷ್ಟು ವ್ಯಾಯಾಮ ಕೊಡದ, ಅಥವಾ ಕೊಡಿಸದ ಯಜಮಾನ ತಪ್ಪಿತಸ್ಥ. 'ಕೊಡಿಸದ' ಎಂಬ ಪದವನ್ನು ಗಮನಿಸಿ. ತಾನು ನಡೆಸಲಾಗದಿದ್ದರೆ ಇನ್ನೊಬ್ಬರಿಂದ ನಡೆಸಬಹುದು ಎಂದು 1960ರ ಶಾಸನವೇ ದಾರಿ ಬಿಟ್ಟಿದೆ. ಮೊದಲ ಸಲದ ತಪ್ಪಿಗೆ ಆ ಕಾಯ್ದೆ ಬರೆದ ದಂಡ 10ರಿಂದ 50 ರೂಪಾಯಿ. ಇವತ್ತಿನ ದರದಲ್ಲಿ ಅದು ಅರ್ಧ ವಾಕಿಂಗಿಗೂ ಸಾಲದು.

ದರ ವಿಚಾರಿಸಲು ಹೊರಟಾಗಲೇ ನನಗೆ ಇದೊಂದು ದೊಡ್ಡ ವ್ಯಾಪಾರವೆಂದು ಗೊತ್ತಾದದ್ದು. ನಮ್ಮ ಬಡಾವಣೆಯಲ್ಲಿ ಸಿಕ್ಕ ದರಪಟ್ಟಿ ಹೀಗಿತ್ತು: ದಿನಕ್ಕೊಂದು ಸಲ, ಅರ್ಧ ಗಂಟೆ, ಭಾನುವಾರ ರಜೆ. ಸಣ್ಣ ನಾಯಿಗೆ ತಿಂಗಳಿಗೆ 3,000, ದೊಡ್ಡದಕ್ಕೆ 3,500. ಎರಡು ಹೊತ್ತಾದರೆ 6,000. ಭಾನುವಾರವೂ ಬೇಕಾದರೆ ಬೇರೆ. ಕಚ್ಚುವ ನಾಯಿಯಾದರೆ ಅದೂ ಬೇರೆ.

ಯಜಮಾನರು ಕ್ಯಾಲ್ಕುಲೇಟರ್ ತೆಗೆದರು. ತಿಂಗಳಿಗೆ 26 ದಿನ ಎಂದರೆ ಒಂದು ಅರ್ಧ ಗಂಟೆಗೆ ಸುಮಾರು 135 ರೂಪಾಯಿ. ವರ್ಷಕ್ಕೆ 42,000. ಲ್ಯಾಬ್ರಡಾರಿನ ಆಯಸ್ಸು ಹತ್ತು ಹನ್ನೆರಡು ವರ್ಷ. ಹತ್ತೇ ಎಂದುಕೊಂಡರೂ, ದರ ಒಂದು ಪೈಸೆ ಏರುವುದಿಲ್ಲ ಎಂದುಕೊಂಡರೂ 4,20,000. "ಇಷ್ಟರಲ್ಲಿ ಮಗನ ಒಂದು ಡಿಗ್ರಿ ಮುಗಿಯುತ್ತೆ ಕಣೇ" ಎಂದರು. ಬೋಂಡ ತನ್ನ ಹೆಸರು ಬಂತೇನೋ ಎಂದು ಬಾಲ ಆಡಿಸಿದ.

ಕೊನೆಗೆ ಒಬ್ಬ ಹುಡುಗ ಸಿಕ್ಕಿದ. ಚನ್ನರಾಯಪಟ್ಟಣದ ಕಡೆಯವನು. ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದ. ಬೆನ್ನಿಗೆ ಕಾಲೇಜಿನ ಚೀಲ, ಕೈಯಲ್ಲಿ ಹಳೆಯ ಪೇಪರಿನ ಕಟ್ಟು. ನಾಯಿ ದಾರಿಯಲ್ಲಿ ಮಾಡಿದ್ದನ್ನು ಬಾಚಿ ತೆಗೆಯಲು ಆ ಪೇಪರು. ಮೊದಲ ದಿನ ಬೋಂಡನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕೈ ಮೂಸಲು ಕೊಟ್ಟು, ಐದು ನಿಮಿಷ ಸುಮ್ಮನಿದ್ದ. ಆಮೇಲೆ ಹಗ್ಗ ಕೇಳಿದ. "ಮೊದ್ಲು ಅವನಿಗೆ ನಾನು ಯಾರು ಅಂತ ಗೊತ್ತಾಗ್ಬೇಕು ಮೇಡಂ" ಎಂದ.

ನಾನು ಡಿಗ್ರಿಯಲ್ಲಿ ಅರ್ಥಶಾಸ್ತ್ರ ಓದಿದವಳು. 135 ರೂಪಾಯಿ ಹೆಚ್ಚೋ ಕಡಿಮೆಯೋ ಎಂದು ಮನೆಯಲ್ಲಿ ಮಾತು ಬಂದಾಗಲೆಲ್ಲ ಆಡಂ ಸ್ಮಿತ್ ನೆನಪಾಗುತ್ತಾನೆ. 1776ರಲ್ಲಿ ಬಂದ 'ವೆಲ್ತ್ ಆಫ್ ನೇಷನ್ಸ್' ಗ್ರಂಥದಲ್ಲಿ ಅವನು ಒಂದು ಕೆಲಸದ ಕೂಲಿ ಇನ್ನೊಂದಕ್ಕಿಂತ ಬೇರೆ ಏಕೆ ಎಂಬುದಕ್ಕೆ ಐದು ಕಾರಣ ಕೊಟ್ಟಿದ್ದಾನೆ. ಕೆಲಸ ಹಿತವೋ ಕಷ್ಟವೋ. ಕಲಿಯಲು ಸುಲಭವೋ ದುಬಾರಿಯೋ. ವರ್ಷವಿಡೀ ಸಿಗುವುದೋ ನಡುವೆ ತಪ್ಪುವುದೋ. ಕೆಲಸಗಾರನ ಮೇಲೆ ಇಡಬೇಕಾದ ನಂಬಿಕೆ ಎಷ್ಟು. ಅದರಲ್ಲಿ ಮುಂದೆ ಬರುವ ಸಂಭವ ಎಷ್ಟು. ಪರೀಕ್ಷೆಗೆ ಬಾಯಿಪಾಠ ಮಾಡಿದ ಈ ಐದು ಕಾರಣ ನಮ್ಮ ಮೆಟ್ಟಿಲಿಳಿದು ಬೀದಿಗೆ ಹೋದದ್ದು ಈ ಹುಡುಗನಿಂದ. ಮಳೆಯಲ್ಲೂ ಚಳಿಯಲ್ಲೂ ನಸುಕಿಗೇ ಎದ್ದು 41 ಕೆ.ಜಿ.ಯ ಪ್ರಾಣಿಯನ್ನು ಹಿಡಿದು ನಡೆಯುವುದು ಹಿತವಾದ ಕೆಲಸವೇನಲ್ಲ. ಕಲಿಯಲು ಯಾವ ಕಾಲೇಜೂ ಬೇಡ, ಆದ್ದರಿಂದ ಪೈಪೋಟಿಗೆ ಬೇಕಾದಷ್ಟು ಜನ. ಮನೆಯವರು ಊರಿಗೆ ಹೋದರೆ ಆ ತಿಂಗಳ ಕೂಲಿ ಅರ್ಧ. ನಂಬಿಕೆಯೋ, ನಾವು ಮನೆಯ ಬೀಗದ ಕೈಯನ್ನೇ ಕೊಟ್ಟಿದ್ದೇವೆ. ಬಡ್ತಿ ಎಂಬುದಂತೂ ಇಲ್ಲ. ಹತ್ತು ವರ್ಷ ನಾಯಿ ನಡೆಸಿದವನೂ ಹಿರಿಯ ನಾಯಿ ನಡೆಸುವವನಾಗುವುದಿಲ್ಲ.

ಅದೇ ಪುಸ್ತಕದಲ್ಲಿ ಸ್ಮಿತ್ ನಾಯಿಗಳ ಉದಾಹರಣೆಯನ್ನೂ ಕೊಟ್ಟಿದ್ದಾನೆ. ನಾಯಿಗಳು ತಮ್ಮತಮ್ಮಲ್ಲಿ ಮೂಳೆಯ ವಿನಿಮಯ ಮಾಡಿಕೊಳ್ಳುವುದಿಲ್ಲ, ವ್ಯಾಪಾರ ಮನುಷ್ಯನಿಗೆ ಮಾತ್ರ ಬಂದ ಬುದ್ಧಿ ಎಂಬುದು ಅವನ ವಾದ. ನಾಯಿಯೇ ವ್ಯಾಪಾರದ ವಸ್ತುವಾಗಿ, ಅದರ ಅರ್ಧ ಗಂಟೆಗೆ ಬೆಲೆ ಕಟ್ಟುವ ಕಾಲ ಬರುತ್ತದೆಂದು ಅವನಿಗೆ ಹೊಳೆದಿತ್ತೋ ಏನೋ. ಆದರೂ ಈ ಉದ್ಯೋಗ ತೀರ ಹೊಸದಲ್ಲ. ಬ್ರಿಟಿಷರ ಕಾಲದ ಬಂಗಲೆಗಳಲ್ಲಿ ನಾಯಿ ನೋಡಿಕೊಳ್ಳಲೆಂದೇ ಒಬ್ಬ ಆಳಿರುತ್ತಿದ್ದ. ಹಗ್ಗ ಹಿಡಿಯುವವನಾದ್ದರಿಂದ ಅವನಿಗೆ 'ಡೋರಿಯಾ' ಎಂದು ಹೆಸರು. ಅಂದು ದೊರೆಗಳ ಮನೆಯಲ್ಲಿದ್ದ ಆಳು ಇಂದು ಮಧ್ಯಮ ವರ್ಗದ ಐದು ಮನೆಗಳಿಗೆ ಹಂಚಿಕೊಂಡಿದ್ದಾನೆ, ಅಷ್ಟೇ ವ್ಯತ್ಯಾಸ.

"ಐದು ನಾಯೀನೂ ಒಟ್ಟಿಗೇ ಕರ್ಕೊಂಡು ಹೋದ್ರೆ ಎಲ್ಲರಿಗೂ ಕಡಿಮೆ ಆಗಲ್ವಾ?" ಎಂದು ಯಜಮಾನರು ಒಂದು ದಿನ ಕೇಳಿದರು. ಕಾರ್ಖಾನೆಯ ಮನುಷ್ಯ, ಉತ್ಪಾದನೆ ಹೆಚ್ಚಿಸಿ ಖರ್ಚು ಇಳಿಸುವ ಯೋಚನೆ ಅವರದು. ಹಾಗೆ ಮಾಡುವ ಊರು ಇಲ್ಲದಿಲ್ಲ. ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದಲ್ಲಿ ನಾಯಿಗಳ ಹಿಂಡನ್ನೇ ಹಿಡಿದು ನಡೆಯುವವರು ಪ್ರಸಿದ್ಧರು. ಒಬ್ಬನಿಗೆ ಎಂಟು ನಾಯಿ ಎಂದು ಅಲ್ಲಿ ಮಿತಿ ಹಾಕಬೇಕಾಯಿತು.

ಹುಡುಗ ನಕ್ಕು ಹೇಳಿದ: "ಸರ್, ನಮ್ ರಸ್ತೇಲಿ ಆಗಲ್ಲ. ಪ್ರತಿ ತಿರುವಿಗೂ ಒಂದೊಂದು ಗುಂಪು ಇರುತ್ತೆ. ನನ್ನ ಕೈಲಿ ಒಂದಿದ್ರೆ ಅದರ ಪಾಡಿಗೆ ಅವು ಬೊಗಳಿ ಸುಮ್ನಾಗ್ತವೆ. ಎರಡಿದ್ರೆ ಜಗಳ ಗ್ಯಾರಂಟಿ."

ಆಗಿನ ಬಿಬಿಎಂಪಿ 2023ರಲ್ಲಿ ನಡೆಸಿದ ಎಣಿಕೆಯಲ್ಲಿ ಬೆಂಗಳೂರಿನ ಬೀದಿನಾಯಿಗಳ ಸಂಖ್ಯೆ ಸುಮಾರು 2.79 ಲಕ್ಷ. ಪ್ರತಿ ಗುಂಪಿಗೂ ಒಂದು ಗಡಿ, ಪ್ರತಿ ಗಡಿಗೂ ಒಬ್ಬ ಕಾವಲುಗಾರ. ಬೆಲ್ಟು ಕಟ್ಟಿದ ನಾಯಿ ಆ ಗಡಿ ದಾಟುವುದೆಂದರೆ ಪಾಸ್‌ಪೋರ್ಟಿಲ್ಲದೆ ಪರದೇಶಕ್ಕೆ ಕಾಲಿಟ್ಟಂತೆ. ಅದರ ಮೇಲೆ ಒಡೆದ ಫುಟ್‌ಪಾತು, ಅದರ ಮೇಲೆ ನಿಂತ ಸ್ಕೂಟರು. ಆದ್ದರಿಂದ ಒಂದು ಹೊತ್ತಿಗೆ ಒಂದೇ ನಾಯಿ. ದರ ಇಳಿಯದಿರಲು ಕಾರಣ ನಮ್ಮ ಬೀದಿಯೇ.

ಒಂದು ಭಾನುವಾರ ಸಂಬಳ ತೆಗೆದುಕೊಳ್ಳಲು ಬಂದಾಗ ಕಾಫಿ ಕೊಟ್ಟು, ಅವನ ಲೆಕ್ಕ ಕೇಳಿದೆ. ವಾಣಿಜ್ಯ ಓದುವ ಹುಡುಗ, ಸಂಕೋಚವಿಲ್ಲದೆ ಹೇಳಿದ. ಐದು ನಾಯಿ: ಎರಡು ಸಣ್ಣವು, ಮೂರು ದೊಡ್ಡವು. ತಿಂಗಳಿಗೆ 16,500. ಐದೂಕಾಲಿಗೆ ಶುರು, ಎಂಟೂವರೆಗೆ ಮುಗಿತಾಯ. ಐದು ಅರ್ಧ ಗಂಟೆಗೆ ಎರಡೂವರೆ ಗಂಟೆಯಾದರೂ, ಮನೆಯಿಂದ ಮನೆಗೆ ಹೋಗಿ ಮೆಟ್ಟಿಲು ಹತ್ತಿ ಇಳಿಯುವ ಮುಕ್ಕಾಲು ಗಂಟೆಗೆ ಯಾರೂ ದುಡ್ಡು ಕೊಡುವುದಿಲ್ಲ. ಪೆಟ್ರೋಲಿಗೆ 1,800 ಕಳೆಯಿರಿ. ಉಳಿದದ್ದು 14,700. ಸವೆದ ಶೂ ಲೆಕ್ಕಕ್ಕಿಲ್ಲ. ಗಂಟೆಗೆ ಎಷ್ಟಾಯಿತೆಂದು ಅವನೇ ಭಾಗಿಸಿದ. 174 ರೂಪಾಯಿ. ಅದರಲ್ಲಿ ಪಿ.ಜಿ. ಬಾಡಿಗೆ, ಕಾಲೇಜಿನ ಫೀಸು, ಊರಲ್ಲಿ ಪಿಯುಸಿ ಓದುವ ತಂಗಿಗೆ ಒಂದಿಷ್ಟು.

ಮಗನ ಗಣಿತದ ಮೇಷ್ಟರಿಗೆ ನಾವು ಗಂಟೆಗೆ 600 ರೂಪಾಯಿ ಕೊಡುತ್ತೇವೆ. ಆ ಲೆಕ್ಕ ಬಾಯಿಗೆ ಬಂದರೂ ಹೇಳಲಿಲ್ಲ. ಕಾಫಿ ಇನ್ನೊಂದು ಸ್ವಲ್ಪ ಹಾಕಿದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ 'ಅವಕಾಶ ವೆಚ್ಚ' ಎಂಬ ಪದ ಗೊತ್ತಿರುತ್ತದೆ. ಒಂದನ್ನು ಪಡೆಯಲು ಬಿಟ್ಟುಕೊಟ್ಟ ಇನ್ನೊಂದರ ಬೆಲೆ. ನನಗೆ ಅದರ ಅರ್ಥ ಪೂರ್ತಿಯಾದದ್ದು ಆ ಕಾಫಿಯ ಹೊತ್ತಿನಲ್ಲಿ. ನಮ್ಮ ಮನೆಯಲ್ಲಿ ಬೆಳಗಿನ ಆರು ಗಂಟೆಗೆ ಇಬ್ಬರು ವಿದ್ಯಾರ್ಥಿಗಳಿದ್ದಾರೆ. ಒಬ್ಬನಿಗೆ ಅರ್ಧ ಗಂಟೆ ಓದಿಗೆ ಉಳಿಯಲಿ ಎಂದು ನಾವು 135 ರೂಪಾಯಿ ಕೊಡುತ್ತೇವೆ. ಇನ್ನೊಬ್ಬ ಅದೇ 135 ರೂಪಾಯಿಗೆ ತನ್ನ ಓದಿನ ಅರ್ಧ ಗಂಟೆಯನ್ನು ನಮಗೆ ಕೊಡುತ್ತಾನೆ. ನಾಯಿ ನಡುವೆ ಒಂದು ನೆಪ. ನಿಜವಾಗಿ ಕೈ ಬದಲಾಗುವುದು ಒಬ್ಬ ಹುಡುಗನ ಬೆಳಗು.

ಇದರಲ್ಲಿ ಅನ್ಯಾಯವಿದೆ ಎಂದು ನಾನು ಹೇಳುತ್ತಿಲ್ಲ. ಅವನಿಗೆ ಕೆಲಸ ಬೇಕು, ನಮಗೆ ಕೆಲಸದವರು ಬೇಕು. "ಹೋಟ್ಲಲ್ಲಿ ರಾತ್ರಿ ಹನ್ನೊಂದರವರೆಗೆ ಸಪ್ಲೈ ಮಾಡೋದಕ್ಕಿಂತ ಇದು ವಾಸಿ ಮೇಡಂ. ನಾಯಿಗಳು ಬಯ್ಯಲ್ಲ" ಎಂದು ಅವನೇ ಹೇಳಿದ್ದಾನೆ. ಆದರೆ ಕೊಂಡದ್ದು ಏನು ಎಂಬುದು ಕೊಂಡವರಿಗೆ ಗೊತ್ತಿರಬೇಕು.

ಅದು ಗೊತ್ತಿದೆಯೋ ಇಲ್ಲವೋ ಎಂಬ ಪರೀಕ್ಷೆ ಬಂದದ್ದು ಅವನ ಸೆಮಿಸ್ಟರ್ ಪರೀಕ್ಷೆಯ ಹೊತ್ತಿಗೆ. ಹದಿನೈದು ದಿನ ರಜೆ ಬೇಕೆಂದ. ಐದು ಮನೆಯಲ್ಲೂ ಕೇಳಿದ್ದ. ಎರಡು ಮನೆಯವರು ಸಂಬಳ ಹಿಡಿಯುತ್ತೇವೆ ಎಂದರಂತೆ. ಇನ್ನೊಂದು ಮನೆಯವರು, ಹದಿನೈದು ದಿನ ಬಾರದಿದ್ದರೆ ಆಮೇಲೂ ಬರುವುದು ಬೇಡ ಎಂದರಂತೆ. ಆ ಮನೆಯ ಮಗಳಿಗೂ ಅದೇ ತಿಂಗಳು ಪರೀಕ್ಷೆ ಎಂದು ಅವನು ಹೇಳಿದ್ದು ದೂರಿನ ಧಾಟಿಯಲ್ಲಲ್ಲ, ಸುಮ್ಮನೆ ಸುದ್ದಿಯಂತೆ.

ರಾತ್ರಿ ಊಟಕ್ಕೆ ಕೂತಾಗ ನಮ್ಮ ಮನೆಯಲ್ಲೂ ವಾದ ಎದ್ದಿತು. "ಕೆಲಸ ಮಾಡದ ದಿನಕ್ಕೆ ಯಾಕೆ ಕೊಡ್ಬೇಕು?" ಎಂದರು ಯಜಮಾನರು. ನಿಮ್ಮ ಫ್ಯಾಕ್ಟರಿಯಲ್ಲಿ ಗಳಿಕೆ ರಜೆ ಎಂದರೆ ಏನು ಎಂದು ನಾನು ಕೇಳಿದೆ. "ಅದು ಬೇರೆ" ಎಂದರು. ಹೇಗೆ ಬೇರೆ ಎಂದು ಕೇಳಿದ್ದಕ್ಕೆ ಅನ್ನಕ್ಕೆ ಸಾರು ಹಾಕಿಸಿಕೊಂಡರು. ಮೊತ್ತ 1,750 ರೂಪಾಯಿ. ನಾಲ್ಕು ಜನ ಹೋಟೆಲಿಗೆ ಹೋಗಿ ಬಂದರೆ ಮುಗಿದುಹೋಗುವ ದುಡ್ಡು. ಅದೇ ದುಡ್ಡಿನಿಂದ ಅವನ ಪರೀಕ್ಷೆಯ ದಿನಗಳು ನೆಮ್ಮದಿಯಿಂದ ಕಳೆಯುತ್ತವೆ.

ಮಗ ಅಲ್ಲಿಯವರೆಗೂ ಸುಮ್ಮನಿದ್ದ. ಈಗ ಪಿಯುಸಿ, ಮಾತು ಕಡಿಮೆ. "ಹದಿನೈದು ದಿನ ನಾನೇ ಹೋಗ್ತೀನಿ. ಅಣ್ಣನ ದುಡ್ಡು ಹಿಡೀಬೇಡಿ" ಎಂದ. ಟ್ಯೂಷನ್ ಆರಕ್ಕೆ ಇದೆಯಲ್ಲ ಎಂದೆ. "ಐದೂಕಾಲಿಗೆ ಹೋಗ್ತೀನಿ. ಅವರೂ ಆಗಲೇ ತಾನೇ ಶುರು ಮಾಡೋದು?"

ಹದಿನೈದು ದಿನದ ನಡಿಗೆಯಿಂದ ಮಗನ ಅಂಕ ಏರಿತು, ಅವನು ಬದಲಾದ ಎಂದೆಲ್ಲ ಬರೆದರೆ ಕತೆಗೆ ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ಟ್ಯೂಷನ್ನಿನಲ್ಲಿ ಎರಡು ದಿನ ತೂಕಡಿಸಿದನಂತೆ. ನಾಲ್ಕನೆಯ ದಿನ ಬೋಂಡ ಬೆಕ್ಕು ಕಂಡು ಎಳೆದ ರಭಸಕ್ಕೆ ಬಿದ್ದು ಮೊಣಕೈ ತರಚಿಕೊಂಡು ಬಂದ. ಅಂಗೈಯಲ್ಲಿ ಹಗ್ಗದ ಬರೆ. ಡೆಟಾಲ್ ಹಚ್ಚುವಾಗ ಕೇಳಿದ: "ಅಣ್ಣ ಇಂಥದ್ದು ಐದು ಹೇಗಮ್ಮ ಮಾಡ್ತಾರೆ? 135 ಕಡಿಮೆ ಆಯ್ತು ಅಲ್ವಾ?"

ಆಡಂ ಸ್ಮಿತ್‌ನ ಐದು ಕಾರಣಗಳನ್ನು ನಾನು ಅವನಿಗೆ ವಿವರಿಸಬೇಕಾಗಿ ಬರಲಿಲ್ಲ. ಮೊದಲನೆಯದು ಅವನ ಅಂಗೈ ಮೇಲೇ ಇತ್ತು.

ಹುಡುಗ ಪರೀಕ್ಷೆ ಮುಗಿಸಿ ಬಂದ ಮೇಲೆ ನಮ್ಮ ಮನೆಯಲ್ಲಿ ಕೆಲವು ಏರ್ಪಾಡುಗಳಾದವು. ವಾರದ ಆರು ಬೆಳಗು ಅವನದು, ಭಾನುವಾರದ್ದು ಮಗನದು. ಸಂಜೆಯ ಇಪ್ಪತ್ತು ನಿಮಿಷ ಮನೆಯಲ್ಲಿ ಯಾರು ಮೊದಲು ಬರುತ್ತಾರೋ ಅವರದು. ದರ 3,800 ಆಯಿತು. ವರ್ಷಕ್ಕೆ ಹನ್ನೆರಡು ದಿನದ ಸಂಬಳಸಹಿತ ರಜೆ, ಪರೀಕ್ಷೆಯ ರಜೆ ಬೇರೆ. ಬೋಂಡನಿಗೆ ವರ್ಷ ವರ್ಷ ರೇಬೀಸ್ ಲಸಿಕೆ ಹಾಕಿಸುತ್ತೇವೆ. ಆದರೆ ದಿನಾ ಐದು ನಾಯಿ, ಹತ್ತು ಬೀದಿ ಮುಟ್ಟುವ ಹುಡುಗನಿಗೆ ಯಾರೂ ಹಾಕಿಸಿರಲಿಲ್ಲ. ಕಚ್ಚುವ ಮುಂಚೆಯೇ ಮುನ್ನೆಚ್ಚರಿಕೆಗೆ ಹಾಕಿಸಿಕೊಳ್ಳುವ ಚುಚ್ಚುಮದ್ದು ಮನುಷ್ಯರಿಗೂ ಇದೆ. ಅದರ ಖರ್ಚನ್ನು ನಾಲ್ಕು ಮನೆಯವರು ಹಂಚಿಕೊಂಡೆವು. ನಾಲ್ಕನೆಯ ಮನೆಯವರನ್ನು ಒಪ್ಪಿಸಿದ್ದು ನಮ್ಮ ಯಜಮಾನರು, ಗಳಿಕೆ ರಜೆಯ ಉದಾಹರಣೆ ಕೊಟ್ಟು! ಬೋಂಡನ ತೂಕ ಈಗ 35 ಕೆ.ಜಿ.

ಇದನ್ನೆಲ್ಲ ಬರೆದದ್ದು ನಾಯಿ ಸಾಕಬೇಡಿ ಎಂದು ಹೇಳಲು ಅಲ್ಲ, ಆಳು ಇಡಬೇಡಿ ಎಂದೂ ಅಲ್ಲ. ವಯಸ್ಸಾದವರು, ಮಂಡಿ ನೋವಿನವರು, ಪಾಳಿ ಕೆಲಸದವರು ಇವರಿಗೆಲ್ಲ ಇಂಥ ಹುಡುಗರು ಬೇಕೇ ಬೇಕು. ತಂದೆತಾಯಂದಿರಿಗೆ ನನ್ನ ವಿನಂತಿ ಇಷ್ಟೇ: ನಾಯಿಮರಿಯ ಬೆಲೆಯನ್ನು ಮಾತ್ರ ವಿಚಾರಿಸಿ ಬರಬೇಡಿ. ಅದು ಒಂದು ದಿನದ ಖರ್ಚು. ಅದರ ಹಿಂದೆ ಹತ್ತು ವರ್ಷದ ಅರ್ಧ ಗಂಟೆಗಳು ಸಾಲಾಗಿ ನಿಂತಿರುತ್ತವೆ. ಎಂಟನೇ ತರಗತಿಯ ಮಗು ಮನಸ್ಸಿಟ್ಟು ಕೊಟ್ಟ ಮಾತನ್ನು ಹತ್ತನೇ ತರಗತಿಯ ವೇಳಾಪಟ್ಟಿ ಉಳಿಸಿಕೊಳ್ಳಲು ಬಿಡುತ್ತದೆಯೇ ಎಂಬುದನ್ನು ಮಗು ಯೋಚಿಸಲಾರದು, ನಾವೇ ಯೋಚಿಸಬೇಕು. ಆಳು ಇಡುವುದಾದರೆ ಅವನ ಅರ್ಧ ಗಂಟೆಗೂ ಒಂದು ಓದು, ಒಂದು ನಿದ್ದೆ, ಒಂದು ಪರೀಕ್ಷೆ ಇದೆಯೆಂದು ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ವಿದ್ಯಾರ್ಥಿಗಳಿಗೂ ಒಂದು ಮಾತು. ನಿಮ್ಮಲ್ಲಿ ಕೆಲವರು ಈ ಕೆಲಸವನ್ನು ಮಾಡುತ್ತಿರಬಹುದು, ಮಾಡಬೇಕೆಂದಿರಬಹುದು. ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ. ದರ ಹೇಳುವ ಮುನ್ನ ಮೆಟ್ಟಿಲು ಹತ್ತುವ ಹೊತ್ತನ್ನೂ ಪೆಟ್ರೋಲನ್ನೂ ಸೇರಿಸಿ. ಪರೀಕ್ಷೆಯ ರಜೆಯ ಮಾತನ್ನು ಮೊದಲ ದಿನವೇ ಆಡಿಬಿಡಿ.

ಇನ್ನು ಮನೆಯಲ್ಲಿ ನಾಯಿ ಬೇಕೆಂದು ಹಟ ಎದ್ದಿದ್ದರೆ ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಅಂಗಡಿಯಿಂದ ಬರೀ ಹಗ್ಗ ತನ್ನಿ. ಒಂದು ತಿಂಗಳು ದಿನಾ ಬೆಳಗ್ಗೆ ಅರ್ಧ ಗಂಟೆ ಆ ಖಾಲಿ ಹಗ್ಗ ಹಿಡಿದು ಬಡಾವಣೆ ಸುತ್ತಿ ಬನ್ನಿ. ಮಳೆ ಬಂದರೂ, ಕಿರುಪರೀಕ್ಷೆ ಇದ್ದರೂ, ಮನೆಗೆ ನೆಂಟರು ಬಂದರೂ. ಅಕ್ಕಪಕ್ಕದವರು ನಕ್ಕರೆ ನಗಲಿ. ಮೂವತ್ತನೆಯ ದಿನವೂ ಹಗ್ಗ ಯಾರ ಕೈಯಲ್ಲಿರುತ್ತದೋ, ನಾಯಿ ಅವರದು.